ಆ 'ಬಹುದು' ಎಲ್ಲಿ ಬಿದ್ದು ಹೋಯ್ತು?

ಮೊನ್ನೆ ಭಾನುವಾರ ಬೆಳಿಗ್ಗೆ ರಾಣೆಬೆನ್ನೂರಿನಿಂದ ಚಿಕ್ಕಪ್ಪನ ಫೋನು. ಅವರು ಫೋನ್ ಮಾಡೋದು ಹಬ್ಬಕ್ಕೆ, ಇಲ್ಲಾಂದ್ರೆ ಯಾರಾದ್ರೂ ತೀರಿಕೊಂಡಾಗ. ಎರಡೂ ಅಲ್ಲದ ದಿನ ಫೋನ್ ಬಂದಿದ್ದಕ್ಕೆ ಸ್ವಲ್ಪ ಗಾಬರಿಯಿಂದಲೇ ಎತ್ತಿದೆ.

"ಬಾಯಾಗ ನೀರು ಬರೂ ಔಷಧ ಬಂದೈತಂತಲ್ಲೋ? ಬೆಂಗಳೂರಾಗ ಸಿಗತೈತೇನು? ಎಷ್ಟ ರೊಕ್ಕ ಆಕ್ಕೈತಿ ಕೇಳಿ ಹೇಳು."

ಚಿಕ್ಕಪ್ಪನಿಗೆ ಬಾಯಿ ಕ್ಯಾನ್ಸರ್ ಆಗಿ ಹನ್ನೊಂದು ವರ್ಷ ಆಯ್ತು. ತಂಬಾಕಿನ ಪ್ರಸಾದ. ಆಪರೇಷನ್ ಆಯ್ತು, ಆಮೇಲೆ ಮೂವತ್ತಕ್ಕೂ ಹೆಚ್ಚು ಸಲ ಕರೆಂಟ್ ಕೊಟ್ಟರು (ನಮ್ಮೂರ ಕಡೆ ರೇಡಿಯೇಷನ್ನಿಗೆ ಹಾಗೇ ಅನ್ನೋದು). ಕ್ಯಾನ್ಸರ್ ಹೋಯ್ತು, ಜೊತೆಗೆ ಜೊಲ್ಲೂ ಹೋಯ್ತು. ಜೊಲ್ಲು ಅಂದ್ರೆ ನಮಗೆಲ್ಲ ಅಸಹ್ಯ ಅಲ್ವಾ? ಆರೋಗ್ಯವಂತ ಮನುಷ್ಯನ ಬಾಯಲ್ಲಿ ದಿನಕ್ಕೆ ಸುಮಾರು ಅರ್ಧದಿಂದ ಒಂದೂವರೆ ಲೀಟರ್ ಜೊಲ್ಲು ಊರುತ್ತೆ. ಅದು ಇಲ್ಲದೆ ಹೋದ್ರೆ ಜೋಳದ ರೊಟ್ಟಿ ನುಂಗೋಕೆ ಆಗಲ್ಲ, ಹಲ್ಲು ಒಂದೊಂದೇ ಹುಳುಕು ಹಿಡಿದು ಬೀಳುತ್ತೆ, ರಾತ್ರಿ ನಾಲ್ಕೈದು ಸಲ ಎದ್ದು ನೀರು ಕುಡೀಬೇಕು. ರೊಟ್ಟಿ ಮುರಿದು ಸಾರಿನಲ್ಲಿ ನೆನೆ ಹಾಕಿ ಹತ್ತು ನಿಮಿಷ ಕಾಯುತ್ತಾ ಕೂರುವ ಚಿಕ್ಕಪ್ಪನನ್ನು ನೋಡಿದವರಿಗೆ ಆ ಫೋನಿನ ಹಿಂದಿದ್ದ ಆಸೆ ಎಷ್ಟು ದೊಡ್ಡದು ಅಂತ ಗೊತ್ತಾಗುತ್ತೆ.

ಯಾರೋ ಅವರಿಗೆ ಒಂದು ಫಾರ್ವರ್ಡ್ ಕಳಿಸಿದ್ದರು. ನನಗೂ ಕಳಿಸಿದರು, ಓದಿದೆ. ವೃತ್ತಾಕಾರದ ಆರ್‌ಎನ್‌ಎ ಎಂಬ ಹೊಸ ಔಷಧ ಪತ್ತೆಯಾಗಿದೆ, ಕ್ಯಾನ್ಸರ್, ಹೃದಯರೋಗ, ಕರೆಂಟ್ ಕೊಟ್ಟ ಮೇಲೆ ಬಾಯಿ ಒಣಗುವುದು, ಎಲ್ಲವನ್ನೂ ಗುಣಪಡಿಸುತ್ತದೆ ಅಂತ ಇತ್ತು. 'ಗುಣಪಡಿಸುತ್ತದೆ'! ಮೂಲ ಸಂಶೋಧನೆಗಳಲ್ಲಿ ಎಲ್ಲೆಲ್ಲಿ 'ಗುಣಪಡಿಸಬಹುದು' ಅನ್ನುವ ಧಾಟಿ ಇದೆಯೋ ಅಲ್ಲೆಲ್ಲ ಆ 'ಬಹುದು' ಬಿದ್ದು ಹೋಗಿದೆ. ಮೂರೇ ಅಕ್ಷರ. ಬೇರೆ ಭಾಷೆಯಿಂದ ಕನ್ನಡಕ್ಕೆ ಬರುವ ದಾರಿಯಲ್ಲಿ ಎಲ್ಲೋ ಬಸ್ಸಿನಿಂದ ಇಳಿದು ಹೋಗಿದೆ. ನನ್ನ ಇವತ್ತಿನ ಜಗಳ ಪೂರ್ತಿ ಆ ಮೂರಕ್ಷರದ ಬಗ್ಗೆ.

ಮೊದಲೇ ಹೇಳಿಬಿಡ್ತೀನಿ, ವೃತ್ತಾಕಾರದ ಆರ್‌ಎನ್‌ಎ ಸುಳ್ಳಲ್ಲ. 'ಇದೆಲ್ಲ ಔಷಧ ಕಂಪನಿಗಳ ನಾಟಕ ಮಾರಾಯಾ' ಅನ್ನುವ ಗೆಳೆಯರೂ ನನಗಿದ್ದಾರೆ. ಅವರ ಪಕ್ಷಕ್ಕೂ ನಾನು ಸೇರಿಲ್ಲ. ಇದು ನಿಜಕ್ಕೂ ಚೆಂದದ ವಿಜ್ಞಾನ, ನಿಜಕ್ಕೂ ಉಪಯೋಗಕ್ಕೆ ಬರಬಹುದಾದದ್ದು. ಅದಕ್ಕೇ ಅದನ್ನ ಸರಿಯಾಗಿ ಹೇಳಬೇಕು ಅಂತ ನನ್ನ ಹಟ.

ಆರ್‌ಎನ್‌ಎ ಅಂದ್ರೆ ಜೀವಕೋಶದೊಳಗಿನ ಚೀಟಿ. ಡಿಎನ್‌ಎ ಎಂಬ ದೊಡ್ಡ ಪುಸ್ತಕದಿಂದ ಒಂದು ಅಡುಗೆಯನ್ನು ಚೀಟಿಯಲ್ಲಿ ಬರೆದುಕೊಂಡು ಅಡುಗೆಮನೆಗೆ ಹೋಗ್ತೀವಲ್ಲ, ಹಾಗೆ. ಆ ಚೀಟಿ ನೋಡಿ ರೈಬೋಸೋಮ್ ಎಂಬ ಅಡುಗೆಭಟ್ಟ ಪ್ರೋಟೀನ್ ತಯಾರಿಸುತ್ತಾನೆ. ಕೋವಿಡ್ ಕಾಲದ ಎಂ-ಆರ್‌ಎನ್‌ಎ ಲಸಿಕೆಗಳು ಮಾಡಿದ್ದು ಇದನ್ನೇ, ಹೊರಗಿನಿಂದ ಒಂದು ಚೀಟಿ ಕಳಿಸಿದ್ದು. ಕಷ್ಟ ಏನಪ್ಪಾ ಅಂದ್ರೆ ಈ ಚೀಟಿಗೆ ಎರಡು ತುದಿ. ಜೀವಕೋಶದೊಳಗೆ ಆರ್‌ಎನ್‌ಎ ಮೇಯುವ ಕಿಣ್ವಗಳಿರುತ್ತವೆ, ಹೆಚ್ಚಿನವು ತುದಿಯಿಂದಲೇ ಮೇಯಲು ಶುರು ಮಾಡುತ್ತವೆ. ಹಾಗಾಗಿ ಚೀಟಿ ಬೇಗ ಮುಗಿದುಹೋಗುತ್ತೆ.

ಈಗ ನಮ್ಮ ಕೋಡುಬಳೆ ನೆನಪು ಮಾಡಿಕೊಳ್ಳಿ. ಹಿಟ್ಟನ್ನು ಉದ್ದಕ್ಕೆ ಹೊಸೆದು ಎರಡು ತುದಿಗಳನ್ನು ಒತ್ತಿ ಅಂಟಿಸಿದರೆ ಬಳೆ. ತುದಿಯೇ ಇಲ್ಲ. ತುದಿಯಿಂದ ಮೇಯುವ ಕಿಣ್ವಕ್ಕೆ ಬಾಯಿ ಹಾಕೋಕೆ ಜಾಗವೇ ಇಲ್ಲ. ವೃತ್ತಾಕಾರದ ಆರ್‌ಎನ್‌ಎ ಅಂದ್ರೆ ಇಷ್ಟೇ. (ಇನ್ನು ಮುಂದೆ 'ಬಳೆ' ಅಂತಲೇ ಬರೀತೀನಿ, ಟೈಪ್ ಮಾಡೋಕೂ ಸುಲಭ :-) )

'ಹೊಸದಾಗಿ ಪತ್ತೆ' ಅಂತ ಫಾರ್ವರ್ಡಿನಲ್ಲಿತ್ತು. ಎಷ್ಟು ಹೊಸದು ನೋಡಿ. ಆಲೂಗಡ್ಡೆ ಮುಂತಾದ ಗಿಡಗಳಿಗೆ ರೋಗ ತರುವ ವೈರಾಯ್ಡ್‌ಗಳು ಬಳೆಯಾಕಾರದ ಆರ್‌ಎನ್‌ಎ ಅಂತ ಜರ್ಮನಿಯ ವಿಜ್ಞಾನಿಗಳು ತೋರಿಸಿದ್ದು 1976ರಲ್ಲಿ. ಪ್ರಾಣಿಗಳ ಜೀವಕೋಶದಲ್ಲೂ ಬಳೆಗಳಿವೆ ಅಂತ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡಿದ್ದು 1979ರಲ್ಲಿ. 1991ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಬರ್ಟ್ ವೋಗಲ್‌ಸ್ಟೈನ್ ತಂಡದವರು ಒಂದು ಜೀನಿನ ತುಣುಕುಗಳು ಹಿಂದುಮುಂದಾಗಿ ಅಂಟಿಕೊಂಡಿರೋದನ್ನು ಗಮನಿಸಿದರು. ಆಮೇಲೂ ಎರಡು ದಶಕ ಹೆಚ್ಚಿನವರು ಇದನ್ನು ಕೋಶದ ಕಸ ಅಂತಲೇ ತಿಳಿದಿದ್ದರು, ತಪ್ಪಾಗಿ ಕತ್ತರಿಸಿ ಬಿಸಾಡಿದ ಚಿಂದಿ ಅಂತ. 2012-13ರಲ್ಲಿ ಯಂತ್ರಗಳು ಕೋಟಿಗಟ್ಟಲೆ ಆರ್‌ಎನ್‌ಎ ತುಣುಕುಗಳನ್ನು ಓದಲು ಶುರು ಮಾಡಿದಾಗ ಗೊತ್ತಾಯ್ತು, ನಮ್ಮ ಕೋಶಗಳಲ್ಲಿ ಇಂಥ ಬಳೆಗಳು ಸಾವಿರಾರು ಇವೆ, ಮಿದುಳಿನಲ್ಲಂತೂ ಬಹಳ.

ಇನ್ನು ಬಳೆಯನ್ನೇ ಔಷಧ ಮಾಡುವ ವಿಚಾರ. ಸಾಮಾನ್ಯ ಚೀಟಿಯ ಒಂದು ತುದಿಯಲ್ಲಿ ಒಂದು ಟೋಪಿ ಇರುತ್ತೆ, ಭಟ್ಟರು ಆ ಟೋಪಿ ಹಿಡಿದೇ ಓದಲು ಶುರು ಮಾಡೋದು. ಬಳೆಗೆ ತುದಿಯೇ ಇಲ್ಲ ಅಂದ ಮೇಲೆ ಟೋಪಿ ಎಲ್ಲಿಂದ? ಬಳೆಯ ಮಧ್ಯದಲ್ಲೇ ಒಂದು ಕಳ್ಳಬಾಗಿಲು ಇಟ್ಟರೆ ಭಟ್ಟರು ಒಳಗೆ ಬರುತ್ತಾರೆ ಅಂತ 1995ರಲ್ಲಿ ಚೆನ್ ಮತ್ತು ಸಾರ್ನೋ ತೋರಿಸಿದರು. 2018ರಲ್ಲಿ ಎಂಐಟಿಯ ವೆಸೆಲ್‌ಹಾಫ್ಟ್, ಆಂಡರ್ಸನ್ ಮೊದಲಾದವರು ಉದ್ದನೆಯ ಬಳೆಗಳನ್ನು ಚೆನ್ನಾಗಿ ಮಾಡುವ ವಿಧಾನ ಕೊಟ್ಟರು, ಅದು ಸಾಮಾನ್ಯ ಚೀಟಿಗಿಂತ ಹೆಚ್ಚು ಕಾಲ ಪ್ರೋಟೀನ್ ಕೊಡುತ್ತೆ ಅಂತ ಕೋಶಗಳಲ್ಲಿ ತೋರಿಸಿದರು. 2022ರಲ್ಲಿ ಪೀಕಿಂಗ್ ವಿಶ್ವವಿದ್ಯಾಲಯದವರು ಬಳೆಯಿಂದ ಕೋವಿಡ್ ಲಸಿಕೆ ಮಾಡಿ ಇಲಿಗಳಲ್ಲಿ, ಮಂಗಗಳಲ್ಲಿ ಕೆಲಸ ಮಾಡಿದ್ದನ್ನು ಪ್ರಕಟಿಸಿದರು. ಇಷ್ಟೂ ನಿಜ.

ಈಗ ಚಿಕ್ಕಪ್ಪನ ಬಾಯಿಗೆ ಬರೋಣ. ಫಾರ್ವರ್ಡಿನಲ್ಲಿ ಸತ್ಯದ ಒಂದು ಎಳೆ ಇತ್ತು. ಶಾಂಘೈಯ ರೈಬಾಕ್ಸ್ ಎಂಬ ಕಂಪನಿ ರೇಡಿಯೇಷನ್ ನಂತರದ ಬಾಯಿ ಒಣಗುವಿಕೆಗೆ ಒಂದು ಬಳೆ ಔಷಧ ಮಾಡಿದೆ. 2024-25ರ ಹೊತ್ತಿಗೆ ಅದನ್ನು ಮನುಷ್ಯರ ಮೇಲೆ ಪರೀಕ್ಷಿಸಲು ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟಿದೆ. ಪರೀಕ್ಷಿಸಲು ಒಪ್ಪಿಗೆ. ಮಾರಲು ಅಲ್ಲ! ಇಂಥ ಆರಂಭದ ಪರೀಕ್ಷೆ ಕೇಳುವ ಮೊದಲ ಪ್ರಶ್ನೆ 'ಇದರಿಂದ ಅಪಾಯ ಇಲ್ಲವಲ್ಲ? ಎಷ್ಟು ಡೋಸ್ ಕೊಡಬಹುದು?' ಅನ್ನೋದು. ಇಡೀ ಜಗತ್ತಿನಲ್ಲಿ ಮಾರಾಟಕ್ಕೆ ಅನುಮತಿ ಪಡೆದ ಬಳೆ ಔಷಧ ಇವತ್ತಿಗೂ ಒಂದೇ ಒಂದು ಇಲ್ಲ.

ಆ ಬಳೆಯಲ್ಲಿ ಬರೆದಿರೋದು ಅಕ್ವಾಪೊರಿನ್-1 ಎಂಬ ಪ್ರೋಟೀನಿನ ಅಡುಗೆ. ಜೀವಕೋಶದ ಗೋಡೆಯಲ್ಲಿ ನೀರು ಹಾಯಲು ಇರುವ ತೂಬು ಇದು. ಇದನ್ನು ಕಂಡುಹಿಡಿದದ್ದಕ್ಕೇ ಪೀಟರ್ ಆಗ್ರೆಗೆ 2003ರ ರಸಾಯನಶಾಸ್ತ್ರ ನೊಬೆಲ್ ಸಿಕ್ಕಿದ್ದು. ರೇಡಿಯೇಷನ್ನಿಗೆ ಜೊಲ್ಲು ಸುರಿಸುವ ಕೋಶಗಳು ಸಾಯುತ್ತವೆ, ಆದರೆ ನಾಳದ ಕೋಶಗಳಲ್ಲಿ ಬಹಳಷ್ಟು ಉಳಿದುಕೊಳ್ಳುತ್ತವೆ. ಅವಕ್ಕೆ ನೀರು ಬಿಡುವ ತೂಬು ಇಲ್ಲ. ಅಲ್ಲಿ ತೂಬು ಕೂರಿಸಿದರೆ? ಎಷ್ಟು ಸರಳ, ಎಷ್ಟು ಜಾಣತನದ ಯೋಚನೆ ಅಲ್ವಾ!

ಆದರೆ ಈ ಯೋಚನೆಯ ಕ್ಯಾಲೆಂಡರ್ ನೋಡಿ. ವೈರಸ್ಸಿನ ಮೂಲಕ ಈ ತೂಬಿನ ಜೀನನ್ನು ಇಲಿಯ ಗ್ರಂಥಿಗೆ ಸೇರಿಸಿ ಜೊಲ್ಲು ಹೆಚ್ಚಿಸಿದ್ದು 1997ರಲ್ಲಿ. ಅದೇ ಅಮೆರಿಕದ ಸಂಸ್ಥೆಯಲ್ಲಿ ಬ್ರೂಸ್ ಬಾಮ್ ತಂಡ ಮನುಷ್ಯರ ಮೇಲಿನ ಫಲಿತಾಂಶ ಪ್ರಕಟಿಸಿದ್ದು 2012ರಲ್ಲಿ. ಇಲಿಯಿಂದ ಮನುಷ್ಯನಿಗೆ ಬರಲು 15 ವರ್ಷ. ಚಿಕಿತ್ಸೆ ಪಡೆದವರು 11 ಜನ, ಅಳತೆಗೆ ಸಿಗುವಷ್ಟು ಜೊಲ್ಲು ಹೆಚ್ಚಿದ್ದು 6 ಜನರಲ್ಲಿ, ಅವರಲ್ಲಿ 'ನನಗೂ ಹಿತ ಅನ್ನಿಸ್ತು' ಅಂದವರು 5. ಕಡಿಮೆ ಡೋಸಿನವರಿಗೆ ಫಲ ಸಿಕ್ಕಿತು, ಅತಿ ಹೆಚ್ಚು ಡೋಸಿನವರಿಗೆ ಸಿಗಲಿಲ್ಲ. ಅದಾಗಿ ಹತ್ತು ವರ್ಷದ ಮೇಲಾಯ್ತು, ಈ ತೂಬಿನ ಚಿಕಿತ್ಸೆ ಯಾವ ರೂಪದಲ್ಲೂ ಅಂಗಡಿಗೆ ಬಂದಿಲ್ಲ. 1997ರಲ್ಲಿ ಯಾರಾದ್ರೂ ಕನ್ನಡದಲ್ಲಿ 'ಬಾಯಿ ಒಣಗುವುದಕ್ಕೆ ಮದ್ದು ಸಿಕ್ಕಿತು' ಅಂತ ಬರೆದಿದ್ದರೆ ಆ ಸಾಲು ಇವತ್ತಿಗೂ ಸುಳ್ಳಾಗಿಯೇ ಇರುತ್ತಿತ್ತು. 'ಸಿಗಬಹುದು' ಅಂತ ಬರೆದಿದ್ದರೆ ಇವತ್ತಿಗೂ ನಿಜ.

ವೈರಸ್ ಬದಲು ಬಳೆ ಬಳಸಿದರೆ ಏನು ಲಾಭ? ವೈರಸ್ಸಿನ ಗೊಡವೆ ಇಲ್ಲ, ಡಿಎನ್‌ಎ ಮುಟ್ಟುವ ಭಯ ಇಲ್ಲ, ಎಂ-ಆರ್‌ಎನ್‌ಎಗಿಂತ ಹೆಚ್ಚು ದಿನ ಬಾಳೀತು. ಇದು ಪ್ಲಸ್. ಆದರೆ ಬಳೆಯೂ ಶಾಶ್ವತವಲ್ಲ. ತುದಿಯಿಂದ ಮೇಯಲಾಗದಿದ್ದರೆ ನಡುವೆ ಕತ್ತರಿಸುವ ಕಿಣ್ವಗಳೂ ಇವೆ. ಬಳೆ ಕರಗಿದ ಮೇಲೆ ಮತ್ತೆ ಕೊಡಬೇಕು. ಫಾರ್ವರ್ಡಿನ 'ಶಾಶ್ವತ ಪರಿಹಾರ' ಅನ್ನುವ ಮಾತಿಗೆ ಇಲ್ಲೇ ಕಲ್ಲು ಬಿತ್ತು.

ಇನ್ನೊಂದು ವಿಷಯ ಯಾರೂ ಹೇಳಲ್ಲ. ಬಳೆ ಎಷ್ಟೇ ಗಟ್ಟಿ ಇರಲಿ, ಅದನ್ನು ಸರಿಯಾದ ಕೋಶದೊಳಗೆ ಮುಟ್ಟಿಸುವ ಕಷ್ಟ ಹಾಗೇ ಉಳಿದಿದೆ. ಆರ್‌ಎನ್‌ಎಯನ್ನು ಕೊಬ್ಬಿನ ನ್ಯಾನೋ ಗುಳ್ಳೆಯಲ್ಲಿಟ್ಟು ರಕ್ತಕ್ಕೆ ಬಿಟ್ಟರೆ ಬಹುಪಾಲು ಯಕೃತ್ತಿಗೆ ಹೋಗಿ ಕೂರುತ್ತೆ. ಮಿದುಳಿಗೋ ಮೂತ್ರಪಿಂಡಕ್ಕೋ ಹೋಗು ಅಂದ್ರೆ ಕೇಳಲ್ಲ. ಜೊಲ್ಲಿನ ಗ್ರಂಥಿ ಇಷ್ಟು ಬೇಗ ಪರೀಕ್ಷೆಗೆ ಬಂದಿದ್ದಕ್ಕೆ ಒಂದು ಕಾರಣ ಅದರ ನಾಳ ಕೆನ್ನೆಯ ಒಳಗೇ ತೆರೆದುಕೊಳ್ಳುತ್ತೆ ಅನ್ನೋದು. ಸಣ್ಣ ಕೊಳವೆ ಹಾಕಿ ನೇರವಾಗಿ ಬಿಡಬಹುದು, ಬಾಮ್ ತಂಡದವರೂ ಹಾಗೇ ಮಾಡಿದ್ದು. ಅಂದ್ರೆ ಇಲ್ಲಿ ಅದೃಷ್ಟ ಗ್ರಂಥಿಯದು, ಬಳೆಯದಲ್ಲ. ಒಂದು ಗ್ರಂಥಿಗೆ ಕೊಳವೆ ಹಾಕಬಹುದು ಅಂದ ಮಾತ್ರಕ್ಕೆ ಪಾರ್ಕಿನ್ಸನ್ ಕಾಯಿಲೆಗೂ ಮಧುಮೇಹಕ್ಕೂ ಅದೇ ಮದ್ದು ಅಂತ ಪಟ್ಟಿ ಬೆಳೆಸೋದು ಯಾವ ನ್ಯಾಯ?

ಮತ್ತೆ ಶುದ್ಧತೆಯ ಪ್ರಶ್ನೆ. ಹೊರಗಿನ ಬಳೆಯನ್ನು ಕೋಶಕ್ಕೆ ಹಾಕಿದರೆ ರೋಗನಿರೋಧಕ ವ್ಯವಸ್ಥೆ ಕೆರಳುತ್ತದೆ ಅಂತ 2017ರಲ್ಲಿ ಸ್ಟ್ಯಾನ್‌ಫರ್ಡ್‌ನ ಹೊವಾರ್ಡ್ ಚಾಂಗ್ ತಂಡ ಬರೆಯಿತು. 2019ರಲ್ಲಿ ಎಂಐಟಿಯವರು 'ಚೆನ್ನಾಗಿ ಶುದ್ಧ ಮಾಡಿದ ಬಳೆ ಕೆರಳಿಸಲ್ಲ, ಕೆರಳಿಸೋದು ಜೊತೆಗೆ ಉಳಿದ ತುಂಡುಗಳು' ಅನ್ನುವ ಅರ್ಥದ ಫಲಿತಾಂಶ ಕೊಟ್ಟರು. ಕೋಡುಬಳೆ ಕರಿಯುವಾಗ ಕೆಲವು ಬಾಯಿ ಬಿಡುತ್ತವಲ್ಲ, ಹಾಗೇ ಇಲ್ಲೂ ಕೆಲವು ಅಂಟಿಕೊಳ್ಳದೆ ಉಳಿಯುತ್ತವೆ, ಕೆಲವು ಅಂಟಿದ ಮೇಲೆ ಮುರಿಯುತ್ತವೆ. ಅದನ್ನೆಲ್ಲ ಆರಿಸಿ ತೆಗೆಯಬೇಕು, ಅದೂ ಪ್ರತಿ ಬ್ಯಾಚಿನಲ್ಲಿ, ಕಾರ್ಖಾನೆಯ ಪ್ರಮಾಣದಲ್ಲಿ. ಔಷಧ ಆಗುತ್ತೋ ಇಲ್ಲವೋ ಅನ್ನೋದು ತೀರ್ಮಾನ ಆಗೋದು ಇಂಥ ಬೋರು ಹೊಡೆಸುವ ಕೆಲಸದಲ್ಲಿ. ಅದಕ್ಕೆ ಯಾರೂ ಹೆಡ್‌ಲೈನ್ ಕೊಡಲ್ಲ.

ಹೆಡ್‌ಲೈನಿನವರನ್ನಷ್ಟೇ ಬೈದರೆ ಅನ್ಯಾಯ ಆಗುತ್ತೆ. ವಿಜ್ಞಾನದ ಮನೆಯೊಳಗೂ ದೋಸೆ ತೂತೇ. 2013ರಲ್ಲಿ ಒಂದು ಬಳೆ ಸಿಕ್ಕಿತು, ಅದರ ಮೇಲೆ ಮಿರ್-7 ಎಂಬ ಪುಟ್ಟ ಆರ್‌ಎನ್‌ಎ ಕೂರಲು 70ಕ್ಕೂ ಹೆಚ್ಚು ಜಾಗ. ಸ್ಪಂಜಿನ ಹಾಗೆ ಹೀರಿಕೊಳ್ಳುತ್ತೆ ಅಂದರು. ಅದು ಅಪರೂಪದ ಬಳೆ, ಹೆಚ್ಚಿನ ಬಳೆಗಳಲ್ಲಿ ಅಷ್ಟು ಜಾಗವೇ ಇಲ್ಲ. ಆದರೂ ಆಮೇಲೆ ಶುರುವಾಯ್ತು ನೋಡಿ ಲೇಖನಗಳ ಸುರಿಮಳೆ: ಇಂಥ ಬಳೆ ಇಂಥ ಸ್ಪಂಜಾಗಿ ಇಂಥ ಕ್ಯಾನ್ಸರನ್ನು ಬೆಳೆಸುತ್ತದೆ, ಆದ್ದರಿಂದ ಇದು ಚಿಕಿತ್ಸೆಗೆ ಗುರಿ. ಹೆಸರು ಬದಲಿಸಿದರೆ ಇನ್ನೊಂದು ಲೇಖನ, ಒಂದೇ ಅಚ್ಚಿನ ಮೈಸೂರುಪಾಕು. ಸಿಡ್ನಿಯ ಜೆನಿಫರ್ ಬೈರ್ನ್ ಮತ್ತು ಜೊತೆಗಾರರು 2022ರಲ್ಲಿ ಮಾನವ ಜೀನುಗಳ ಬಗೆಗಿನ 11,700ಕ್ಕೂ ಹೆಚ್ಚು ಲೇಖನಗಳನ್ನು ಜಾಲಾಡಿದರು (ಬಳೆ ಮಾತ್ರ ಅಲ್ಲ, ಒಟ್ಟಾರೆ ಜೀನುಗಳ ಬಗ್ಗೆ). 712ರಲ್ಲಿ ಪ್ರಯೋಗಕ್ಕೆ ಬಳಸಿದ ಸರಣಿಯೇ ತಪ್ಪು! ಅಂದ್ರೆ 'ಈ ಜೀನಿನ ಮೇಲೆ ಪ್ರಯೋಗ ಮಾಡಿದೆವು' ಅಂದವರು ಕೊಟ್ಟ ವಿಳಾಸ ಬೇರೆ ಮನೆಯದು. ಒಂದು ಲೇಖನ ಪ್ರಕಟ ಆಯ್ತು ಅಂದ ತಕ್ಷಣ 'ವಿಜ್ಞಾನಿಗಳು ಕಂಡುಹಿಡಿದಿದ್ದಾರೆ' ಅಂತ ಕನ್ನಡಕ್ಕೆ ತರುವ ನಮಗೆ ಈ ಸಂಖ್ಯೆ ನೆನಪಿರಬೇಕು.

ದುಡ್ಡಿನ ಕಥೆಯೂ ಒಂದಿದೆ, ಬೇಗ ಹೇಳಿ ಮುಗಿಸ್ತೀನಿ. ಬಳೆ ಔಷಧ ಮಾಡ್ತೀವಿ ಅಂತ ಹೊರಟ ಅಮೆರಿಕದ ಲರೋಂಡ್ ಕಂಪನಿ 2021ರಲ್ಲಿ 44 ಕೋಟಿ ಡಾಲರ್ ಎತ್ತಿತು. 2023ರಲ್ಲಿ ಅದರ ಪ್ರಯೋಗದ ದತ್ತಾಂಶದ ಬಗ್ಗೆ ಅಲ್ಲಿನ ಪತ್ರಿಕೆಯಲ್ಲೇ ಪ್ರಶ್ನೆಗಳೆದ್ದವು. ಅದೇ ವರ್ಷ ಅದು ಇನ್ನೊಂದು ಕಂಪನಿಯ ಜೊತೆ ಸೇರಿ ಹೆಸರನ್ನೇ ಬದಲಿಸಿಕೊಂಡಿತು. ಆ ಹೆಸರು ಹೇಳಿ ಬಂದ ದೊಡ್ಡ ಸುದ್ದಿ ಓದಿ ಆಸೆಪಟ್ಟ ರೋಗಿಗೆ ಆಮೇಲಿನ ಈ ಸಣ್ಣ ಸುದ್ದಿ ತಲುಪಿರುತ್ತಾ?

ಇದನ್ನೆಲ್ಲ ಒಬ್ಬ ಗೆಳೆಯನ ಹತ್ತಿರ ಹೇಳಿದಾಗ ಅವನಂದ, "ಅಲ್ಲ ಕಣೋ, ಪಾಪ ಒಂದು ಆಸೆ ಇಟ್ಕೊಂಡ್ರೆ ನಿನ್ನ ಗಂಟೇನು ಹೋಗುತ್ತೆ? ಆಸೆಯಿಂದಲೇ ಮನುಷ್ಯ ಬದುಕೋದು."

ಒಳ್ಳೇ ಪ್ರಶ್ನೆ. ಎರಡು ದಿನ ತಲೆ ತಿಂತು. ಆಮೇಲೆ ಉತ್ತರ ಸಿಕ್ಕಿತು.

ರೇಡಿಯೇಷನ್ ಕೊಡುವಾಗಲೇ ಜೊಲ್ಲಿನ ಗ್ರಂಥಿಯನ್ನು ಆದಷ್ಟು ತಪ್ಪಿಸಿ ಕಿರಣ ಬಿಡುವ ವಿಧಾನ ಒಂದಿದೆ, ಐಎಂಆರ್‌ಟಿ ಅಂತಾರೆ. 2011ರಲ್ಲಿ ಪಾರ್‌ಸ್ಪೋರ್ಟ್ ಎಂಬ ಬ್ರಿಟನ್ನಿನ ಪ್ರಯೋಗದ ಫಲಿತಾಂಶ ಬಂತು. ಒಂದು ವರ್ಷದ ನಂತರ ಗಮನಾರ್ಹವಾಗಿ ಬಾಯಿ ಒಣಗುತ್ತಿದ್ದವರು ಹಳೇ ವಿಧಾನದಲ್ಲಿ ನೂರಕ್ಕೆ 74, ಐಎಂಆರ್‌ಟಿಯಲ್ಲಿ ನೂರಕ್ಕೆ 38. ಹತ್ತಿರ ಹತ್ತಿರ ಅರ್ಧ! ಇಲಿಯಲ್ಲಲ್ಲ, ಮಂಗದಲ್ಲಲ್ಲ, ಮನುಷ್ಯರಲ್ಲಿ. ಚಿಕ್ಕಪ್ಪನಿಗೆ ಕರೆಂಟ್ ಕೊಟ್ಟಿದ್ದು ಇದಾದ ಮೇಲೆ, ಹಳೇ ವಿಧಾನದಲ್ಲಿ. ನಾವು ಮನೆಯವರು ಯಾರೂ ಕೇಳಲೇ ಇಲ್ಲ. 'ಗ್ರಂಥಿ ಉಳಿಸೋಕೆ ಆಗುತ್ತಾ ಡಾಕ್ಟ್ರೇ?' ಅಂತ ಕೇಳಬೇಕು ಅನ್ನೋದೇ ಗೊತ್ತಿರಲಿಲ್ಲ. ಗಡ್ಡೆ ಇರುವ ಜಾಗ ನೋಡಿ ಅವರು 'ಆಗಲ್ಲ' ಅಂದಿರಬಹುದಿತ್ತು, 'ಬೇರೆ ಊರಿಗೆ ಹೋಗಿ' ಅಂದಿರಬಹುದಿತ್ತು. ಆದರೆ ಪ್ರಶ್ನೆಯೇ ನಮ್ಮ ಬಾಯಿಗೆ ಬರಲಿಲ್ಲ. ಯಾಕಂದ್ರೆ ಆ ಸುದ್ದಿ ನಮ್ಮ ಫೋನಿಗೆ ಬರಲಿಲ್ಲ. ನೂರಕ್ಕೆ 74 ಇದ್ದದ್ದು 38ಕ್ಕೆ ಇಳಿಯಿತು ಅನ್ನುವುದರಲ್ಲಿ 'ಪವಾಡ' ಇಲ್ಲ ನೋಡಿ. ಯಾರು ಫಾರ್ವರ್ಡ್ ಮಾಡ್ತಾರೆ?

ಸುಳ್ಳು ಆಸೆ ನಿಜವಾದ ಆಸೆಯ ಜಾಗವನ್ನು ಹೀಗೆ ತಿಂದುಹಾಕುತ್ತೆ. ಓದುವವನ ಹತ್ತಿರ ಇರೋದು ಎರಡು ನಿಮಿಷ. ಆ ಎರಡು ನಿಮಿಷಕ್ಕೆ ಮುಂದೆಂದೋ ಬರಬಹುದಾದ ಬಳೆಯನ್ನು 'ಬಂದಿದೆ' ಅಂತ ತುಂಬಿದರೆ ಇವತ್ತು ಇರುವುದಕ್ಕೆ ಜಾಗ ಎಲ್ಲಿ? ಗೆಳೆಯಾ, ಗಂಟು ಹೋಗೋದು ಹೀಗೆ.

ಈಗ ನನ್ನ ತಪ್ಪೊಪ್ಪಿಗೆ. 2022ರಲ್ಲಿ ಮಂಗಗಳ ಲಸಿಕೆಯ ಲೇಖನ ಬಂದಾಗ ಇದೇ ಬ್ಲಾಗಿನಲ್ಲಿ ನಾನೂ ಬರೆದಿದ್ದೆ. ಶೀರ್ಷಿಕೆ 'ಎಂ-ಆರ್‌ಎನ್‌ಎ ಕಥೆ ಮುಗೀತು, ಇನ್ನು ಬಳೆಗಳ ಕಾಲ!' ನಿಮ್ಮಲ್ಲಿ ಕೆಲವರು 'ಸೂಪರ್ ಸಾರ್' ಅಂತ ಕಾಮೆಂಟೂ ಹಾಕಿದ್ದಿರಿ. ಮುಗಿದಿದ್ದು ಏನೂ ಇಲ್ಲ. ಆ ಶೀರ್ಷಿಕೆಯಲ್ಲಿ 'ಬಹುದು' ಇರಲಿಲ್ಲ, ಬೇಕಂತಲೇ ತೆಗೆದಿದ್ದೆ. 'ಬಹುದು' ಇದ್ದರೆ ಪಂಚ್ ಇರಲ್ಲ ಅಂತ. ಚಿಕ್ಕಪ್ಪನ ಫಾರ್ವರ್ಡ್ ಬರೆದ ಅನಾಮಿಕನೂ ಹಾಗೇ ಅಂದುಕೊಂಡಿರಬೇಕು. ನನಗೂ ಅವನಿಗೂ ಏನು ವ್ಯತ್ಯಾಸ? ಆ ಪೋಸ್ಟ್ ಅಳಿಸಿಲ್ಲ, ಮೇಲೆ ದಪ್ಪಕ್ಷರದಲ್ಲಿ ತಿದ್ದುಪಡಿ ಹಾಕಿದೀನಿ.

ಆದ್ದರಿಂದ ಬ್ಲಾಗಿಗ ಮಿತ್ರರೇ, ನಾವು ಆರೋಗ್ಯದ ಬಗ್ಗೆ ಬರೆಯುವವರು, ಅನುವಾದ ಮಾಡುವವರು, ಹಂಚುವವರು ಒಂದು ಪಾಠ ಇಟ್ಟುಕೊಳ್ಳೋಣ ಅಂತ ನನ್ನ ಕೋರಿಕೆ. ಇಲಿಯಲ್ಲಿ ಆಗಿದ್ದರೆ 'ಇಲಿಯಲ್ಲಿ' ಅಂತ ಶೀರ್ಷಿಕೆಯಲ್ಲೇ ಬರೆಯೋಣ. ಮನುಷ್ಯರಲ್ಲಿ ಆಗಿದ್ದರೆ ಎಷ್ಟು ಜನರಲ್ಲಿ ಅಂತ ಬರೆಯೋಣ. ಪರೀಕ್ಷೆಗೆ ಅನುಮತಿಯೋ ಮಾರಾಟಕ್ಕೆ ಅನುಮತಿಯೋ ಬಿಡಿಸಿ ಹೇಳೋಣ. ಕೊನೆಗೆ, ಅದೇ ಕಾಯಿಲೆಗೆ ಇವತ್ತು, ಈಗ, ಏನಿದೆ ಅಂತ ಒಂದು ಸಾಲು ಸೇರಿಸೋಣ. ನಾಲ್ಕೇ ಸಾಲು. ಬಳೆಯ ಚೆಂದ ಇದರಿಂದ ಏನೂ ಕಮ್ಮಿ ಆಗಲ್ಲ. ಕಸ ಅಂದುಕೊಂಡಿದ್ದು ಐವತ್ತು ವರ್ಷದಲ್ಲಿ ಮನುಷ್ಯರ ಪರೀಕ್ಷೆಯ ಬಾಗಿಲಿಗೆ ಬಂದು ನಿಂತಿದೆ ಅನ್ನೋದೇ ಸಾಕಷ್ಟು ದೊಡ್ಡ ಕಥೆ, ಅದಕ್ಕೆ ಸುಳ್ಳಿನ ಒಗ್ಗರಣೆ ಬೇಕಾಗಿಲ್ಲ.

ಚಿಕ್ಕಪ್ಪನಿಗೆ ಏನು ಹೇಳಿದೆ ಅಂತ ಕೇಳ್ತೀರಾ? ಮೂರು ದಿನ ಬಿಟ್ಟು ಫೋನ್ ಮಾಡಿದೆ. ಇನ್ನೂ ಬಂದಿಲ್ಲ ಚಿಕ್ಕಪ್ಪ, ಪರೀಕ್ಷೆ ಶುರುವಾಗಿದೆ ಅಷ್ಟೇ, ಬರಬಹುದು, ಬರದೆಯೂ ಇರಬಹುದು, ಬಂದರೂ ಬಹಳ ವರ್ಷ ಹಿಡಿಯಬಹುದು ಅಂದೆ. ಉಳಿದ ಗ್ರಂಥಿಯನ್ನು ಕೆರಳಿಸಿ ಜೊಲ್ಲು ಬರಿಸುವ ಪೈಲೋಕಾರ್ಪಿನ್ ಎಂಬ ಹಳೇ ಮಾತ್ರೆ ಒಂದಿದೆ, ನಿಮಗೆ ಆಗಿಬರುತ್ತಾ ಅಂತ ಡಾಕ್ಟರನ್ನು ಕೇಳೋಣ, ಉಳಿದ ಹಲ್ಲುಗಳಿಗೆ ಫ್ಲೋರೈಡ್ ಹಚ್ಚಿಸೋಣ, ಮುಂದಿನ ವಾರ ನಾನೇ ಬರ್ತೀನಿ ಅಂದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಬರಬಹುದು ಅಂದ್ಯಲ್ಲ, ಸಾಕ ಬಿಡು. ಬರೂ ಮುಂದ ಫೋನ್ ಮಾಡು, ಚಿಕ್ಕಮ್ಮ ರೊಟ್ಟಿ ಬಡೀತಾಳ" ಅಂದರು.

'ಬಹುದು' ಅಂದರೆ ಜನ ನಿರಾಶರಾಗ್ತಾರೆ ಅಂತ ಅಂದುಕೊಂಡಿದ್ದು ನಾವು. ಅವರಿಗೆ ಆ ಪದ ತಡೆದುಕೊಳ್ಳುವ ಶಕ್ತಿ ಇದೆ. ನೀವೇನಂತೀರಿ?